ಗೇಟಿನಲ್ಲೇ ತಡೆದು ನಿಲ್ಲಿಸಿದ ವಿಮಾನ

ಕಳೆದ ರಜೆಯಲ್ಲಿ ದುಬೈಯಿಂದ ಬರುವ ಭಾವನನ್ನು ಕರೆತರಲು ನಾನು ವಿಮಾನ ನಿಲ್ದಾಣವೊಂದಕ್ಕೆ ಹೋಗಿದ್ದೆ. ನಮ್ಮ ಕಾಸರಗೋಡಿನ ಕಡೆ ಇದೇನೂ ಹೊಸ ಸಂಗತಿ ಅಲ್ಲ, ಮನೆಗೊಬ್ಬರು ಗಲ್ಫಿನಲ್ಲಿ ಇದ್ದೇ ಇರುತ್ತಾರೆ. ವಿಮಾನ ಇಳಿದದ್ದು ಸರಿಯಾದ ಸಮಯಕ್ಕೆ. ಭಾವ ಹೊರಗೆ ಬಂದದ್ದು ಮಾತ್ರ ಹತ್ತಿರ ಹತ್ತಿರ ಎರಡು ಗಂಟೆ ಕಳೆದ ಮೇಲೆ. ಬಂದವರೇ ಹೇಳಿದ್ದು, "ಆಕಾಶದಲ್ಲಿ ಮೂರೂವರೆ ಗಂಟೆ, ನೆಲದ ಮೇಲೆ ಸಾಲಿನಲ್ಲಿ ಅದರ ಅರ್ಧ! ನಿನ್ನ ವಿಜ್ಞಾನ ಇದಕ್ಕೆ ಎಂತ ಹೇಳ್ತದೆ?"

ಆಗ ನಾನು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಓದುತ್ತಾ ಹೋದಂತೆ ಗೊತ್ತಾಯಿತು, ವಿಜ್ಞಾನ ಇದಕ್ಕೆ ಬಹಳವೇ ಹೇಳುತ್ತದೆ. ಅದರಲ್ಲೂ ನಮ್ಮ ಸಾಮಾನ್ಯ ಬುದ್ಧಿಗೆ ತಲೆಕೆಳಗಾಗಿ ಕಾಣುವ ಮಾತುಗಳನ್ನೇ ಹೇಳುತ್ತದೆ. ನೀವು ತಾಳವಾಡಿಯಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ಮಡಕಶಿರಾದಲ್ಲಿರಲಿ, ವಿಮಾನ ಹತ್ತಿದವರು ನಿಮ್ಮಲ್ಲಿ ಕಡಿಮೆ ಇರಬಹುದು. ಆದರೆ ಸಾಲಿನಲ್ಲಿ ನಿಲ್ಲದವರು ಯಾರೂ ಇಲ್ಲವಲ್ಲ? ಅಷ್ಟು ಅನುಭವ ಸಾಕು. ಜೊತೆಗೆ ಎರಡು ನಾಣ್ಯ ಮತ್ತು ಒಂದು ಹಾಳೆ ತೆಗೆದುಕೊಳ್ಳಿ.

ನಮ್ಮ ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ತಪಾಸಣೆಯ ಕೌಂಟರ್ ಇದೆ ಎಂದುಕೊಳ್ಳಿ. ಅದು ನಿಮಿಷಕ್ಕೆ ಸರಿಯಾಗಿ ಒಬ್ಬರನ್ನು ಕಳಿಸುತ್ತದೆ. ಪ್ರತಿ ನಿಮಿಷಕ್ಕೆ ಎಷ್ಟು ಜನ ಬರುತ್ತಾರೆ? ಅದನ್ನು ನಾಣ್ಯಗಳು ಹೇಳುತ್ತವೆ. ಎರಡೂ ನಾಣ್ಯ ಚಿಮ್ಮಿ. ಎಷ್ಟು ತಲೆ ಬಿದ್ದವೋ ಅಷ್ಟು ಜನ ಬಂದರು, ಅಂದರೆ ಸೊನ್ನೆ, ಒಂದು ಅಥವಾ ಎರಡು. ಸರಾಸರಿ ನಿಮಿಷಕ್ಕೆ ಒಬ್ಬರು. ಬರುವುದೂ ಒಬ್ಬರು, ಹೋಗುವುದೂ ಒಬ್ಬರು. ಹಾಗಾದರೆ ಸಾಲು ಬೆಳೆಯಬಾರದು ಅಲ್ವಾ?

ನಾನು ಹನ್ನೆರಡು ಸಲ ಚಿಮ್ಮಿದಾಗ ಬಂದದ್ದು ಹೀಗೆ: 0, 1, 0, 1, 2, 2, 1, 2, 1, 1, 0, 1. ಕೂಡಿಸಿ ನೋಡಿ, ಒಟ್ಟು ಸರಿಯಾಗಿ 12. ಹನ್ನೆರಡು ನಿಮಿಷ, ಹನ್ನೆರಡು ಜನ. ಆದರೂ ಎಂಟನೇ ನಿಮಿಷದ ಕೊನೆಗೆ ಸಾಲಿನಲ್ಲಿ ಮೂವರು ನಿಂತಿದ್ದರು, ಆಟ ಮುಗಿದಾಗಲೂ ಇಬ್ಬರು ಬಾಕಿ. ಎಲ್ಲಿ ತಪ್ಪಿತು? ಮೊದಲನೇ ಮತ್ತು ಮೂರನೇ ನಿಮಿಷದಲ್ಲಿ ಯಾರೂ ಬರಲಿಲ್ಲ, ಕೌಂಟರ್ ಸುಮ್ಮನೆ ಕೂತಿತ್ತು. ಆ ಎರಡು ನಿಮಿಷಗಳನ್ನು ಡಬ್ಬಿಯಲ್ಲಿ ಹಾಕಿಟ್ಟು, ಐದನೇ ನಿಮಿಷಕ್ಕೆ ಇಬ್ಬರು ಬಂದಾಗ ತೆಗೆದು ಬಳಸಲು ಬರುವುದಿಲ್ಲ. ಜನ ಕಾಯಬಲ್ಲರು, ಖಾಲಿ ಹೋದ ನಿಮಿಷ ಕಾಯುವುದಿಲ್ಲ. ಸಾಲು ಹುಟ್ಟುವುದು ಇಲ್ಲಿ. ಸಿಬ್ಬಂದಿ ಸೋಮಾರಿಗಳಾಗಿರಬೇಕು, ಜನ ಜಾಸ್ತಿ ಆಗಿರಬೇಕು ಎಂದೇನೂ ಇಲ್ಲ. ಬರುವಿಕೆಯ ಏರುಪೇರು ಒಂದೇ ಸಾಕು.

ಈಗ ಅರುವತ್ತು ಸಲ ಚಿಮ್ಮಿ. ಆಮೇಲೆ ಪಕ್ಕದ ಬೆಂಚಿನವರ ಹಾಳೆ ನೋಡಿ. ಇಬ್ಬರದ್ದೂ ಒಂದೇ ನಿಯಮ, ಆದರೆ ಸಾಲಿನ ಕಥೆ ಬೇರೆ ಬೇರೆ ಇರುತ್ತದೆ. ಒಂದು ಹಾಳೆ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗುತ್ತೀರಿ. ತರಗತಿಯ ನಲವತ್ತು ಹಾಳೆ ಸೇರಿಸಿದರೆ ಒಂದು ಚಿತ್ರ ಮೂಡುತ್ತದೆ. ನೀವು ಈಗ ಮಾಡಿದ್ದೇ ಸಿಮ್ಯುಲೇಶನ್, ಅಂದರೆ ನಿಜವಾದ ಓಟದ ಬದಲಿಗೆ ಒಂದು ಅಣಕು ಓಟ. ಕಂಪ್ಯೂಟರ್ ಇದನ್ನೇ ಸಾವಿರ ಸಲ, ಲಕ್ಷ ಸಲ ಬೇಸರ ಇಲ್ಲದೆ ಮಾಡುತ್ತದೆ. ಅದೃಷ್ಟದ ಆಟ ಆಡಿಸಿ ಲೆಕ್ಕಕ್ಕೆ ಉತ್ತರ ಹುಡುಕುವ ಈ ದಾರಿಗೆ ಮಾಂಟೆ ಕಾರ್ಲೊ ವಿಧಾನ ಎಂದು ಹೆಸರು. 1946ರಲ್ಲಿ ಸ್ಟಾನಿಸ್ಲಾವ್ ಉಲಮ್ ಎಂಬ ಗಣಿತಜ್ಞ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬನೇ ಇಸ್ಪೀಟು ಆಡುತ್ತಿದ್ದಾಗ ಹೊಳೆದ ಯೋಚನೆ ಇದು. ಆಟ ಗೆಲ್ಲುವ ಸಂಭವ ಎಷ್ಟೆಂದು ಲೆಕ್ಕ ಹಾಕುವುದು ಕಷ್ಟ, ನೂರು ಸಲ ಆಡಿ ಎಣಿಸುವುದು ಸುಲಭ ಅಂತ. (ಹಾಗಂತ ಇಸ್ಪೀಟು ಹಿಡಿದು ಶಾಲೆಗೆ ಬರಬೇಡಿ, ಬಯ್ಯಿಸಿಕೊಳ್ಳುವುದು ನಾನು.)

ವಿಮಾನ ನಿಲ್ದಾಣದ ಸಿಮ್ಯುಲೇಶನ್‌ನಲ್ಲಿ ಕಂಪ್ಯೂಟರ್ ಸೆಕೆಂಡಿಗೆ ಸೆಕೆಂಡು ಲೆಕ್ಕ ಹಾಕುತ್ತಾ ಕೂರಬೇಕಾಗಿಲ್ಲ. ಅದರ ಬಳಿ ಘಟನೆಗಳ ಒಂದು ಪಟ್ಟಿ ಇರುತ್ತದೆ. 9 ಗಂಟೆ 2 ನಿಮಿಷಕ್ಕೆ ಪ್ರಯಾಣಿಕ ಬಂದ, 9 ಗಂಟೆ 3 ನಿಮಿಷಕ್ಕೆ ಬ್ಯಾಗು ಯಂತ್ರದೊಳಗೆ ಹೋಯಿತು, 9 ಗಂಟೆ 4 ನಿಮಿಷಕ್ಕೆ ಹೊರಬಂತು. ಒಂದು ಘಟನೆಯಿಂದ ಇನ್ನೊಂದಕ್ಕೆ ಅದು ಹಾರುತ್ತದೆ. ಹಾಗಾಗಿ ಇಡೀ ದಿನದ ವ್ಯವಹಾರವನ್ನು ಕೆಲವೇ ಸೆಕೆಂಡಿನಲ್ಲಿ ಓಡಿಸಬಹುದು. ಒಂದು ಕೌಂಟರ್ ಮುಚ್ಚಿದರೆ? ಎರಡು ದೊಡ್ಡ ವಿಮಾನ ಒಟ್ಟಿಗೆ ಬಂದರೆ? ಮಂಜು ಮುಸುಕಿದರೆ? ನಿಜವಾದ ಜನರನ್ನು ನಿಲ್ಲಿಸಿ ಕಾಡದೆ ಇದನ್ನೆಲ್ಲ ಪರೀಕ್ಷಿಸಬಹುದು.

ಸಾಲುಗಳ ಗಣಿತ ಕಂಪ್ಯೂಟರಿಗಿಂತ ಹಳೆಯದು. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್ 1909ರಲ್ಲೇ, ಫೋನ್ ಕರೆಗಳು ಎಷ್ಟು ಹೊತ್ತು ಕಾಯಬೇಕು ಎಂಬ ಚಿಂತೆಯಿಂದ ಇದನ್ನು ಶುರು ಮಾಡಿದರು. ಆ ಗಣಿತದಿಂದ ಬರುವ ಒಂದು ಲೆಕ್ಕ ನನಗೆ ಬಹಳ ಇಷ್ಟ. ಜನ ಬರುವುದೂ ಅಡ್ಡಾದಿಡ್ಡಿ, ಒಬ್ಬೊಬ್ಬರಿಗೆ ಹಿಡಿಯುವ ಸಮಯವೂ ಅಡ್ಡಾದಿಡ್ಡಿ ಎಂದಿಟ್ಟುಕೊಳ್ಳಿ. ಕೌಂಟರ್ ನೂರರಲ್ಲಿ 80 ಪಾಲು ಸಮಯ ಕೆಲಸದಲ್ಲಿದ್ದರೆ ಅಲ್ಲಿರುವ ಜನ ಸರಾಸರಿ 4. ಅದು 90 ಆದರೆ ಜನ 9. 95 ಆದರೆ 19! ಕೆಲಸ ಹೆಚ್ಚಿದ್ದು ಸ್ವಲ್ಪ, ಜನ ಹೆಚ್ಚಿದ್ದು ಹಲವು ಪಟ್ಟು. ಹಬ್ಬದ ದಿನ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲ ಒಮ್ಮೆಲೇ ಕೆಟ್ಟುಹೋದ ಹಾಗೆ ಕಾಣುತ್ತದಲ್ಲ, ಅದರ ಹಿಂದೆ ಇರುವುದು ಈ ಗೆರೆ. ಒಂದು ಗ್ರಾಫ್ ಹಾಳೆಯಲ್ಲಿ ಬಿಡಿಸಿ ನೋಡಿ, ಎಷ್ಟು ಹೊತ್ತು ಸಪಾಟಾಗಿದ್ದು ಆಮೇಲೆ ಹೇಗೆ ಎದ್ದು ನಿಲ್ಲುತ್ತದೆ ಅಂತ.

ಇಷ್ಟು ಗೊತ್ತಾದ ಮೇಲೆ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗೋಣ. ಅಲ್ಲಿನ ಲೋಗನ್ ವಿಮಾನ ನಿಲ್ದಾಣದಲ್ಲಿ ಸಂಜೆ ಹೊತ್ತು ಹೊರಡುವ ವಿಮಾನಗಳು ಬಹಳ. ಇಲ್ಲಿ ಕೌಂಟರ್ ಯಾವುದು? ರನ್‌ವೇ. ಸಾಲಿನಲ್ಲಿ ನಿಲ್ಲುವವರು ಯಾರು? ವಿಮಾನಗಳು. ಮನುಷ್ಯರ ಸಾಲಿಗೂ ವಿಮಾನಗಳ ಸಾಲಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮನುಷ್ಯ ಸಾಲಿನಲ್ಲಿ ನಿಂತರೆ ಕಾಲು ನೋಯುತ್ತದೆ ಅಷ್ಟೆ. ವಿಮಾನ ಇಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುತ್ತದೆ, ನಿಂತಲ್ಲೇ ಇಂಧನ ಸುಡುತ್ತದೆ.

ಪೈಲಟ್‌ಗಳು, ಕಂಪೆನಿಗಳು ಏನು ಬಯಸುತ್ತಾರೆ? ಬೇಗ ಗೇಟು ಬಿಟ್ಟು ಸಾಲಿಗೆ ಸೇರಬೇಕು. ಅಮೆರಿಕದಲ್ಲಿ ವಿಮಾನ ಸಮಯಕ್ಕೆ ಹೊರಟಿತೋ ಇಲ್ಲವೋ ಎಂಬ ಲೆಕ್ಕ ಗೇಟು ಬಿಟ್ಟ ಹೊತ್ತಿನಿಂದಲೇ. ಆಕಾಶಕ್ಕೆ ಏರಿದ ಹೊತ್ತು ಬೇರೆ. ಹಾಗಾಗಿ ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ.

ಎಂಐಟಿ ಎಂಬ ಪ್ರಸಿದ್ಧ ಸಂಸ್ಥೆಯ ಹಂಸಾ ಬಾಲಕೃಷ್ಣನ್ ಮತ್ತು ಜೊತೆಗಾರರು ಈ ನಿಲ್ದಾಣದ ದಾಖಲೆಗಳನ್ನು ಹಿಡಿದು ಒಂದು ಮಾದರಿ ಕಟ್ಟಿದರು. ಹಂಸಾ ಓದಿದ್ದು ಮದ್ರಾಸ್ ಐಐಟಿಯಲ್ಲಿ, ಹೊಸೂರಿನ ಮಕ್ಕಳಿಗೆ ಹೆಚ್ಚು ದೂರವೇನಲ್ಲ. ಅವರ ಮುಂದಿದ್ದ ಪ್ರಶ್ನೆ ಸರಳ. ನೆಲದ ಮೇಲೆ ಓಡಾಡುವ ವಿಮಾನಗಳ ಸಂಖ್ಯೆ ಹೆಚ್ಚಿಸುತ್ತಾ ಹೋದರೆ, ಗಂಟೆಗೆ ಏರುವ ವಿಮಾನಗಳ ಸಂಖ್ಯೆ ಹೇಗೆ ಬದಲಾಗುತ್ತದೆ? ಮೊದಮೊದಲು ಅದೂ ಹೆಚ್ಚುತ್ತದೆ. ಆಮೇಲೆ ಒಂದು ಮಟ್ಟ ದಾಟಿದರೆ ಗೆರೆ ಮಲಗಿಬಿಡುತ್ತದೆ. ರನ್‌ವೇ ತುಂಬಿದೆ. ಇನ್ನು ಎಷ್ಟು ವಿಮಾನ ಸಾಲಿಗೆ ತಂದರೂ ಒಂದೇ ಒಂದು ವಿಮಾನವೂ ಹೆಚ್ಚಾಗಿ ಏರುವುದಿಲ್ಲ, ಸುಡುವ ಎಣ್ಣೆ ಮಾತ್ರ ಹೆಚ್ಚಾಗುತ್ತದೆ.

ಹಾಗಾದರೆ ಮದ್ದು ಏನು? ವಿಮಾನವನ್ನು ಗೇಟಿನಲ್ಲೇ, ಇಂಜಿನ್ ಶುರು ಮಾಡುವ ಮೊದಲೇ, ತಡೆದು ನಿಲ್ಲಿಸುವುದು. ಎಷ್ಟು ತಡೆಯಬೇಕು ಎಂಬಲ್ಲಿ ನಿಮ್ಮ ನಾಣ್ಯದ ಆಟ ನೆನಪಾಗಬೇಕು. ಸಾಲನ್ನು ಪೂರ್ತಿ ಇಲ್ಲದಂತೆ ಮಾಡಿದರೆ ರನ್‌ವೇ ನಡುವೆ ಖಾಲಿ ಕೂರುತ್ತದೆ, ಆ ನಿಮಿಷ ಮತ್ತೆ ಸಿಗುವುದಿಲ್ಲ. ಆದ್ದರಿಂದ ಸಣ್ಣದೊಂದು ಸಾಲು ಬೇಕೇ ಬೇಕು. ರನ್‌ವೇ ಹಸಿವಿನಿಂದ ಇರಬಾರದು, ಅಜೀರ್ಣವೂ ಆಗಬಾರದು. ಮುಂದಿನ 15 ನಿಮಿಷಕ್ಕೆ ಯಾವ ವೇಗದಲ್ಲಿ ವಿಮಾನಗಳನ್ನು ಬಿಡಬೇಕು ಎಂದು ಅವರ ಮಾದರಿ ಲೆಕ್ಕ ಹಾಕಿ ಹೇಳುತ್ತಿತ್ತು.

ಇದನ್ನು ನಿಯಂತ್ರಣ ಗೋಪುರದಲ್ಲಿ ಕೂತವರಿಗೆ ತಿಳಿಸಿದ್ದು ಹೇಗೆ ಗೊತ್ತೇ? ಬಣ್ಣದ ಕಾರ್ಡುಗಳಿಂದ! ಅವರು ಸದಾ ಪೈಲಟ್‌ಗಳ ಜೊತೆ ಮಾತಾಡುತ್ತಾ ಇರುತ್ತಾರೆ, ಮಧ್ಯೆ ಬಾಯಿ ಹಾಕಿದರೆ ಅಪಾಯ. ಒಂದೊಂದು ವೇಗಕ್ಕೆ ಒಂದೊಂದು ಬಣ್ಣದ ಕಾರ್ಡು ಮುಂದೆ ಇಟ್ಟರೆ ಮುಗಿಯಿತು. ಅಷ್ಟು ದೊಡ್ಡ ಲೆಕ್ಕದ ಕೊನೆಗೆ ಒಂದು ರಟ್ಟಿನ ತುಂಡು. ಇದನ್ನು ಓದಿದ ದಿನ ನನಗಾದ ಸಂತೋಷ ಹೇಳಿ ಪ್ರಯೋಜನ ಇಲ್ಲ.

2010ರ ಬೇಸಿಗೆಯಲ್ಲಿ, ನಾಲ್ಕು ನಾಲ್ಕು ಗಂಟೆಗಳ ಎಂಟು ಪ್ರಯೋಗಗಳಲ್ಲಿ 247 ವಿಮಾನಗಳನ್ನು ಗೇಟಿನಲ್ಲಿ ತಡೆದರು. ಸರಾಸರಿ ತಡೆ ನಾಲ್ಕು ನಿಮಿಷಕ್ಕೆ ಸ್ವಲ್ಪ ಮೇಲೆ. ಉಳಿದ ಇಂಧನದ ಅಂದಾಜು 12,250ರಿಂದ 14,500 ಕಿಲೋಗ್ರಾಂ. ತಡೆದ ಒಂದೊಂದು ವಿಮಾನಕ್ಕೆ ಸುಮಾರು 50ರಿಂದ 60 ಕಿಲೋ ಬಿತ್ತು. ರಸಾಯನಶಾಸ್ತ್ರದ ಪಾಠ ಇಲ್ಲಿ ಬಳಸಿ: ಒಂದು ಕಿಲೋ ವಿಮಾನ ಇಂಧನ ಸುಟ್ಟರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಇಂಧನಕ್ಕಿಂತ ಹೊಗೆಯ ತೂಕ ಹೆಚ್ಚು ಹೇಗೆ ಆಯಿತು? ಗಾಳಿಯ ಆಮ್ಲಜನಕ ಸೇರಿದ್ದರಿಂದ. ಹಾಗಾದರೆ ಆ ಎಂಟು ದಿನದಲ್ಲಿ ತಪ್ಪಿದ ಅನಿಲ ಕಡಿಮೆ ಎಂದರೂ 38 ಟನ್. ಹೊಸ ರನ್‌ವೇ ಕಟ್ಟಲಿಲ್ಲ, ಹೊಸ ಯಂತ್ರ ತರಲಿಲ್ಲ.

ವಿಮಾನದ ಒಳಗೆ ಹತ್ತುವ ಸಾಲಿಗೂ ಇಂಥದ್ದೇ ಕಥೆ ಇದೆ. ನೂರೈವತ್ತು ಜನರನ್ನು ಬೇಗ ಕೂರಿಸಬೇಕು. ನೀವಾದರೆ ಏನು ಮಾಡುತ್ತೀರಿ? ನಾನು ಕೇಳಿದ ಎಲ್ಲರೂ ಹೇಳಿದ್ದು ಒಂದೇ, "ಹಿಂದಿನ ಸೀಟಿನವರನ್ನು ಮೊದಲು ಬಿಡಿ ಸಾರ್, ದಾರಿ ಖಾಲಿ ಇರ್ತದೆ." ನಾನೂ ಹಾಗೇ ಅಂದುಕೊಂಡಿದ್ದೆ. ಜೇಸನ್ ಸ್ಟೆಫನ್ ಎಂಬ ಖಗೋಳ ಭೌತವಿಜ್ಞಾನಿ ಮಾತ್ರ ಇದನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದರು. ಜನರನ್ನು ಯಾವುದೋ ಒಂದು ಕ್ರಮದಲ್ಲಿ ನಿಲ್ಲಿಸುವುದು, ಇಬ್ಬರ ಜಾಗ ಅದಲು ಬದಲು ಮಾಡುವುದು, ಬೇಗ ಮುಗಿದರೆ ಆ ಬದಲಾವಣೆ ಉಳಿಸಿಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ಹೀಗೆ ಸಾವಿರಾರು ಸಲ. ಅದರ ಫಲವನ್ನು 2008ರಲ್ಲಿ ಪ್ರಕಟಿಸಿದರು. ಆಮೇಲೆ ಅಣಕು ವಿಮಾನದಲ್ಲಿ, 12 ಸಾಲು ಸೀಟುಗಳಲ್ಲಿ 72 ಜನರನ್ನು ನಿಜವಾಗಿಯೇ ಪೆಟ್ಟಿಗೆ ಸಮೇತ ಹತ್ತಿಸಿ ನೋಡಿದರು. ಹಿಂದಿನಿಂದ ಮುಂದಕ್ಕೆ ಕ್ರಮವಾಗಿ ಬಿಟ್ಟಾಗ 6 ನಿಮಿಷ 11 ಸೆಕೆಂಡು. ಗುಂಪು ಗುಂಪಾಗಿ ಬಿಟ್ಟಾಗ 6 ನಿಮಿಷ 54 ಸೆಕೆಂಡು. ಯಾವ ಕ್ರಮವೂ ಇಲ್ಲದೆ ಬಂದ ಹಾಗೆ ಬಿಟ್ಟಾಗ 4 ನಿಮಿಷ 44 ಸೆಕೆಂಡು! ಕ್ರಮಕ್ಕಿಂತ ಅಕ್ರಮವೇ ವಾಸಿ ಎಂದಾಯಿತಲ್ಲ, ನಮ್ಮಂಥ ಮೇಷ್ಟ್ರುಗಳಿಗೆ ಇದು ಸ್ವಲ್ಪ ಕಹಿ.

ಕಾರಣ ನಿಮ್ಮ ಹತ್ತನೇ ತರಗತಿಯ ವಿದ್ಯುತ್ ಪಾಠದಲ್ಲಿದೆ. ಹೊತ್ತು ಹೋಗುವುದು ನಡೆಯುವುದಕ್ಕಲ್ಲ, ಪೆಟ್ಟಿಗೆಯನ್ನು ಮೇಲೆ ಇಡುವುದಕ್ಕೆ. ಕೊನೆಯ ಮೂರು ಸಾಲಿನವರೆಲ್ಲ ಒಟ್ಟಿಗೆ ಹೋದರೆ, ಒಬ್ಬ ಪೆಟ್ಟಿಗೆ ಇಡುವವರೆಗೆ ಹಿಂದಿನವನು ಕಾಯಬೇಕು, ಅವನ ಹಿಂದಿನವನೂ ಕಾಯಬೇಕು. ಇದು ಸರಣಿ ಜೋಡಣೆ. ಸ್ಟೆಫನ್ ಕಂಡ ಕ್ರಮದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿನ ಕಿಟಕಿ ಸೀಟಿನವರು ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಎಲ್ಲರೂ ತಮ್ಮ ತಮ್ಮ ಸಾಲಿಗೆ ತಲುಪಿ ಒಮ್ಮೆಲೇ ಪೆಟ್ಟಿಗೆ ಎತ್ತುತ್ತಾರೆ, ಕೈಗೆ ಕೈ ತಾಗುವುದಿಲ್ಲ. ಇದು ಸಮಾಂತರ ಜೋಡಣೆ. ಹಿಡಿದದ್ದು 3 ನಿಮಿಷ 36 ಸೆಕೆಂಡು. ಆದರೆ ಕಿಟಕಿಯ ಪಕ್ಕದ ಮಗು ಮೊದಲು ಹೋಗಬೇಕು, ನಡುವಿನ ಅಮ್ಮ ಆಮೇಲೆ ಬರಬೇಕು ಎಂದರೆ ಯಾರು ಒಪ್ಪುತ್ತಾರೆ? ಹಾಗಾಗಿ ಅಷ್ಟು ಕಟ್ಟುನಿಟ್ಟಾಗಿ ಅಲ್ಲದೆ, ಕಿಟಕಿ, ನಡು, ಅಂಚು ಎಂಬ ಸುಲಭದ ಕ್ರಮ ಚಾಲ್ತಿಗೆ ಬಂತು. ಅದಕ್ಕೆ ಹಿಡಿದದ್ದು 4 ನಿಮಿಷ 13 ಸೆಕೆಂಡು. ಯುನೈಟೆಡ್ ಏರ್‌ಲೈನ್ಸ್ 2023ರ ಅಕ್ಟೋಬರಿನಲ್ಲಿ ಈ ಕ್ರಮಕ್ಕೆ ಮರಳಿತು.

ಇಷ್ಟೆಲ್ಲ ಓದಿ ತಲೆ ತುಂಬಿಸಿಕೊಂಡ ನಾನು ಸುಮ್ಮನಿರಬೇಕಲ್ಲ. ನಮ್ಮ ಶಾಲೆಯಲ್ಲಿ ಐದರಿಂದ ಎಂಟನೇ ತರಗತಿಯ ಸುಮಾರು 140 ಮಕ್ಕಳು ಮಧ್ಯಾಹ್ನದ ಊಟಕ್ಕೆ ಮೊದಲು ಐದು ನಲ್ಲಿಗಳಲ್ಲಿ ಕೈ ತೊಳೆಯುತ್ತಾರೆ. ಬೆಲ್ ಹೊಡೆದದ್ದೇ ತಡ, ನೂಕುನುಗ್ಗಲು. ಕಳೆದ ವರ್ಷ ಒಬ್ಬ ಹುಡುಗ ಬಿದ್ದು ಹಲ್ಲು ಮುರಿದುಕೊಂಡಿದ್ದ. ಹತ್ತನೆಯವರ ಕೈಯಲ್ಲಿ ಗಡಿಯಾರ ಕೊಟ್ಟು ಅಳೆಯಿಸಿದೆ. ಒಬ್ಬರಿಗೆ ಸರಾಸರಿ 20 ಸೆಕೆಂಡು. ಐದು ನಲ್ಲಿಗೆ ನಿಮಿಷಕ್ಕೆ 15 ಮಕ್ಕಳು. ಒಟ್ಟು 9 ನಿಮಿಷ 20 ಸೆಕೆಂಡು. ನೂಕಿದರೂ ಅಷ್ಟೇ, ನೂಕದಿದ್ದರೂ ಅಷ್ಟೇ.

ಮೊದಲ ವಾರ ತರಗತಿಗಳನ್ನು ಮೂರು ಮೂರು ನಿಮಿಷ ಬಿಟ್ಟು ಕಳಿಸಿದೆವು. ನೂಕುನುಗ್ಗಲು ಹೋಯಿತು, ಆದರೆ ಮುಗಿಯುವಾಗ ಹನ್ನೊಂದು ನಿಮಿಷ ದಾಟಿತು. 35 ಮಕ್ಕಳ ತರಗತಿ 2 ನಿಮಿಷ 20 ಸೆಕೆಂಡಿಗೆ ಮುಗಿಸುತ್ತಿತ್ತು, ಮುಂದಿನ ತರಗತಿ ಬರುವವರೆಗೆ 40 ಸೆಕೆಂಡು ನಲ್ಲಿಗಳು ಸುಮ್ಮನಿದ್ದವು. ಬಾಸ್ಟನ್ನಿನವರು ಮಾಡದ ತಪ್ಪನ್ನು ನಾನು ಮಾಡಿದ್ದೆ. ಎರಡು ನಿಮಿಷದ ಅಂತರಕ್ಕೆ ಇಳಿಸಿದೆವು. ಸಣ್ಣ ಸಾಲು ಸದಾ ಇತ್ತು, ಒಟ್ಟು ಸಮಯ ಒಂಬತ್ತೂವರೆ ನಿಮಿಷದ ಒಳಗೆ ಬಂತು, ಯಾರೂ ಬೀಳಲಿಲ್ಲ.

ಆಮೇಲೆ ಜೂನ್ ಬಂತು. ನಮ್ಮ ಕಡೆಯ ಮಳೆ ಗೊತ್ತಲ್ಲ. ಜಗಲಿಯಿಂದ ನಲ್ಲಿಗೆ ಹತ್ತು ಹೆಜ್ಜೆ ಬಯಲು. ಪ್ರತಿಯೊಬ್ಬರೂ ಕೊಡೆ ಬಿಡಿಸಬೇಕು, ಮಡಚಬೇಕು, ಎಲ್ಲೋ ಇಡಬೇಕು. 20 ಸೆಕೆಂಡಿನ ಲೆಕ್ಕ ಒಂದೇ ದಿನದಲ್ಲಿ ಮಳೆನೀರಲ್ಲಿ ಹೋಯಿತು. ನಾವು ಅಳೆದದ್ದು ಫೆಬ್ರವರಿಯಲ್ಲಿ. ಮಾದರಿಗೆ ಕೊಡೆಯ ವಿಷಯ ಯಾರೂ ಹೇಳಿರಲಿಲ್ಲ.

ದೊಡ್ಡವರಿಗೂ ಹೀಗಾಗಿದೆ ಎಂದು ಸಮಾಧಾನ ಮಾಡಿಕೊಂಡೆ. ಲಂಡನ್ನಿನ ಹೀತ್ರೂ ವಿಮಾನ ನಿಲ್ದಾಣದ ಐದನೇ ಟರ್ಮಿನಲ್ ತೆರೆದದ್ದು 2008ರ ಮಾರ್ಚ್ 27ರಂದು. ಅದಕ್ಕೆ ಮೊದಲು ತಿಂಗಳುಗಟ್ಟಲೆ, ಸುಮಾರು 15,000 ಸ್ವಯಂಸೇವಕರನ್ನು ಪ್ರಯಾಣಿಕರಂತೆ ಓಡಾಡಿಸಿ ತಾಲೀಮು ನಡೆಸಿದ್ದರು. ಆದರೂ ಮೊದಲ ದಿನ ಸಿಬ್ಬಂದಿಗೆ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ, ತಪಾಸಣೆ ದಾಟಿ ಒಳಗೆ ಬರಲು ತಡವಾಯಿತು, ಬ್ಯಾಗು ಸಾಗಿಸುವವರಿಗೆ ಕಂಪ್ಯೂಟರಿಗೆ ಲಾಗಿನ್ ಆಗಲು ಆಗಲಿಲ್ಲ. ಪರೀಕ್ಷೆಯ ಸಮಯದಲ್ಲಿ ಹಾಕಿದ್ದ ಒಂದು ಸಾಫ್ಟ್‌ವೇರ್ ಸೋಸುಕವನ್ನು ತೆಗೆಯಲು ಮರೆತಿದ್ದರು. ಕೆಲವೇ ದಿನಗಳಲ್ಲಿ 20 ಸಾವಿರಕ್ಕೂ ಹೆಚ್ಚು ಬ್ಯಾಗುಗಳು ರಾಶಿ ಬಿದ್ದವು, ನೂರಾರು ವಿಮಾನಗಳು ರದ್ದಾದವು.

ಕೊಡೆಗೆ ನಾವು ದಾರಿ ಕಂಡುಕೊಂಡೆವು. ಮಳೆ ದಿನಗಳಿಗೆ ಬೇರೆ ಅಂತರ, ಜೊತೆಗೆ ಪಿಟಿಎಯವರು ಹಾಕಿಸಿದ ನಾಲ್ಕು ತಗಡು. ಆದರೆ ಎಂಟನೇ ತರಗತಿಯ ಒಬ್ಬಳು ಕೇಳಿದ ಪ್ರಶ್ನೆಗೆ ತಗಡಿನಿಂದ ಉತ್ತರ ಇರಲಿಲ್ಲ. "ಸಾರ್, ಸರಾಸರಿ ಕಡಿಮೆ ಆಯ್ತು ಅಂತ ಬೋರ್ಡಿನಲ್ಲಿ ಬರ್ದಿದ್ದೀರಿ. ಆದರೆ ಯಾವಾಗ್ಲೂ ಕೊನೆಗೆ ಹೋಗುವುದು ನಾವೇ. ನಮ್ಮ ಸರಾಸರಿ ಎಷ್ಟು?" ನಾನು ಅದನ್ನು ಬೇರೆಯಾಗಿ ಲೆಕ್ಕ ಹಾಕಿಯೇ ಇರಲಿಲ್ಲ. ಸಣ್ಣ ಮಕ್ಕಳು ಮೊದಲು ಎಂದು ಸುಮ್ಮನೆ ಐದು, ಆರು, ಏಳು, ಎಂಟು ಎಂದು ಬರೆದಿದ್ದೆ. ಎಂಟನೆಯವರು ದಿನಾ ಆರು ನಿಮಿಷ ತರಗತಿಯಲ್ಲೇ ಕೂತಿರುತ್ತಿದ್ದರು. ಈಗ ಸರದಿ ವಾರ ವಾರ ಬದಲಾಗುತ್ತದೆ, ಪಟ್ಟಿ ಬರೆಯುವುದು ಅವಳೇ.

ನಿಮಗೆ ಒಂದು ಕೆಲಸ. ಎರಡು ಕೌಂಟರ್ ಇಡಿ. ಒಂದು ಸಲ ಪ್ರತಿ ಕೌಂಟರಿಗೂ ಬೇರೆ ಸಾಲು ಮಾಡಿ, ಒಂದೊಂದು ಸಾಲಿಗೆ ಎರಡೆರಡು ನಾಣ್ಯ ಚಿಮ್ಮಿ. ಸಾಲು ಬದಲಿಸಲು ಯಾರಿಗೂ ಅವಕಾಶ ಇಲ್ಲ. ಇನ್ನೊಂದು ಸಲ ನಾಲ್ಕೂ ನಾಣ್ಯದ ತಲೆಗಳನ್ನು ಒಂದೇ ಸಾಲಿಗೆ ಸೇರಿಸಿ, ಯಾವ ಕೌಂಟರ್ ಖಾಲಿಯೋ ಅಲ್ಲಿಗೆ ಕಳಿಸಿ. ಎರಡಕ್ಕೂ 60 ನಿಮಿಷದ ಆಟ. ಕೌಂಟರ್ ಖಾಲಿ ಕೂತ ನಿಮಿಷಗಳನ್ನು ಬೇರೆಯಾಗಿ ಎಣಿಸಿ. ಅತ್ಯಂತ ಹೆಚ್ಚು ಕಾದವರು ಎಷ್ಟು ಕಾದರು ಎಂಬುದನ್ನೂ ಬರೆಯಿರಿ. ಹಾಳೆಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರ ಮೂಲಕ ಪತ್ರಿಕೆಗೆ ಕಳಿಸಿ. ಸೊಲ್ಲಾಪುರದ ನಾಣ್ಯ ಮತ್ತು ಕಾಸರಗೋಡಿನ ನಾಣ್ಯ ಒಂದೇ ಉತ್ತರ ಹೇಳುತ್ತವೆಯೇ ಎಂದು ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಕೂಡಿಸಿ ನೋಡೋಣ.